ಫೋನ್ ಫೋಟೊ ಅರ್ಧಕ್ಕೆ ನಿಲ್ಲೋದು: ಮೊದಲು ಫೈಲ್ ನೋಡಿ, ಆಮೇಲೆ ಕೋಡ್

ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸೋಮವಾರಪೇಟೆ ಮನೆಯಲ್ಲಿ ಇಎಸ್‌ಪಿ32 (ವೈಫೈ ಇರುವ ಪುಟ್ಟ ಚಿಪ್ಪು) ಬೋರ್ಡು, ಅದಕ್ಕೆ 320×240ರ ಡಿಸ್‌ಪ್ಲೇ. ಕಣದಲ್ಲಿ ಕಾಫಿ ಎಷ್ಟು ಒಣಗಿದೆ ಅಂತ ರೈಟರು ಫೋನಿನಿಂದ ಫೋಟೊ ಹಾಕ್ತಾರೆ, ಬೋರ್ಡಿನ ಎಸ್‌ಡಿ ಕಾರ್ಡಿಗೆ ಬಂದು ಪರದೆಯಲ್ಲಿ ಕಾಣಬೇಕು. ಕೆಲವು ಸರಿ ಬರುತ್ತೆ, ಕೆಲವು ಅರ್ಧಕ್ಕೆ ನಿಂತು ಕೆಳಗೆ ನಿನ್ನೆಯ ಫೋಟೊನೇ ಉಳಿಯುತ್ತೆ, ಕೆಲವಕ್ಕೆ ಪರದೆ ಅಲುಗಾಡೋದೇ ಇಲ್ಲ. ಇದಕ್ಕಾಗಿ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಮೂರು ಸಲ ಬದಲಿಸಿದ್ದೀರಿ. ಅದನ್ನು ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ಫೈಲ್ ಬಂದು ಸೇರೋದು ಒಂದು ಕೆಲಸ, ಅದನ್ನು ಬಿಡಿಸಿ ಚಿತ್ರ ಮಾಡೋದು ಇನ್ನೊಂದು. ನಾಪೋಕ್ಲು ಹತ್ತಿರ ನಮ್ಮ ತೋಟದಲ್ಲಿ ಮಳೆಮಾಪಕದ ಫೋಟೊಗೆ ಇಂಥದ್ದೇ ಕಟ್ಟಿದ್ದೆ. ಎರಡನ್ನೂ ಒಟ್ಟಿಗೆ ಹುಡುಕ್ತಾ ಒಂದು ಕಕ್ಕಡ ತಿಂಗಳು ಪೂರ್ತಿ ಹೋಯ್ತು. ಬೇರೆ ಬೇರೆ ಮಾಡಿದ ಮೇಲೆ ಎರಡೇ ದಿನಕ್ಕೆ ಸಿಕ್ಕಿತು.

ಫೈಲನ್ನು ಬಿಡಿಸಿ ಚಿತ್ರ ಮಾಡೋ ಕೋಡಿಗೆ ಡಿಕೋಡರ್ ಅಂತಾರೆ, ಅದನ್ನು ಕರೆಯೋ ಸಾಲನ್ನು ಸದ್ಯಕ್ಕೆ ಮುಚ್ಚಿಡಿ. ಕಾರ್ಡಿನಲ್ಲಿರುವ ಫೈಲಿನ ಗಾತ್ರ ಮತ್ತು ಮೊದಲ ಹದಿನಾರು ಬೈಟ್‌ಗಳನ್ನು ಸೀರಿಯಲ್ ಮಾನಿಟರಿಗೆ (ಬೋರ್ಡು ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸೋ ಕಿಟಕಿ) ಪ್ರಿಂಟ್ ಮಾಡಿ. ಗಾತ್ರ ಫೋನಿನಲ್ಲಿದ್ದಷ್ಟೇ ಇರಬೇಕು, ಒಂದು ಬೈಟ್ ಹೆಚ್ಚುಕಮ್ಮಿ ಇಲ್ಲದೆ. ಜೆಪೆಗ್ ಅಂದ ಮೇಲೆ ಶುರುವಿನಲ್ಲಿ ಎಫ್‌ಎಫ್ ಡಿ8 (ಹೆಕ್ಸ್ ಲೆಕ್ಕದಲ್ಲಿ ಬರೆದ ಎರಡು ಬೈಟ್) ಇರಲೇಬೇಕು. ನನಗೆ ಅಲ್ಲಿ 2ಡಿ 2ಡಿ ಕಂಡಿತು. ಅದು ಎರಡು ಅಡ್ಡಗೆರೆ. ಬ್ರೌಸರ್ ಫಾರ್ಮಿನ ಜೊತೆ ಕಳಿಸುವ ಗಡಿಸಾಲು ಫೋಟೊದ ತಲೆಗೆ ಅಂಟಿಕೊಂಡು ಬಂದಿತ್ತು, ಯಾಕಂದ್ರೆ ಬಂದದ್ದನ್ನೆಲ್ಲ ನಾನೇ ಕೈಯಾರೆ ಓದಿ ಹಾಗೇ ಬರೀತಿದ್ದೆ. ವೆಬ್‌ಸರ್ವರ್ ಲೈಬ್ರರಿಯ ಅಪ್‌ಲೋಡ್ ಹ್ಯಾಂಡ್ಲರ್ (ಬರುವ ಫೈಲನ್ನು ನಿಮ್ಮ ಕೋಡಿಗೆ ದಾಟಿಸುವ ಭಾಗ) ಬಳಸಿದರೆ ಆ ಗಡಿಸಾಲನ್ನು ಅದೇ ಕಿತ್ತು ಕೊಡುತ್ತೆ.

ನಿಮ್ಮ ಅರ್ಧ ಫೋಟೊಗೆ ಕಾರಣ ಮಾತ್ರ ಬೇರೆ ಅನ್ನಿಸುತ್ತೆ. ಆ ಹ್ಯಾಂಡ್ಲರ್ ಸಲಕ್ಕೆ 1436 ಬೈಟ್‌ವರೆಗೆ ತುಂಡು ತುಂಡಾಗಿ ಕೊಡುತ್ತೆ. ಕೊನೆಯ ತುಂಡಾದ ಮೇಲೆ ಫೈಲ್ ಕ್ಲೋಸ್ ಮಾಡದಿದ್ದರೆ ಬಾಲ ಕಾರ್ಡಿಗೆ ಇಳಿಯೋದೇ ಇಲ್ಲ. ಇನ್ನು, ಕಣಕ್ಕೂ ಮನೆಗೂ ನಡುವೆ ಸಿಲ್ವರ್ ಓಕ್ ಸಾಲು ಇದೆ ಅಂದಿರಿ. ವೈಫೈ ನಡುವೆ ಕಡಿದುಹೋದರೆ ಹ್ಯಾಂಡ್ಲರಿಗೆ ಅಬಾರ್ಟೆಡ್ ಅಂತ ಬರುತ್ತೆ. ನೀವು ಹಾಕಿದ ಕೋಡಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಅರ್ಧ ಫೈಲನ್ನೇ ಪೂರ್ತಿ ಅಂತ ನಂಬಿ ತೋರಿಸ್ತಿದೆ. ಹೊಸ ಫೋಟೊವನ್ನು ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆಯಿರಿ. ಪೇಜಿನಿಂದ ಗಾತ್ರವನ್ನೂ ಕಳಿಸಿ, ತಾಳೆಯಾದರೆ ಮಾತ್ರ ಹಳೆಯದನ್ನು ಅಳಿಸಿ ಹೆಸರು ಬದಲಿಸಿ.

ಫೈಲ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಡಿಕೋಡರಿಗೆ ಬನ್ನಿ. ಟಿಜೆಪಿಜಿಡೆಕ್ (ಇಲ್ಲಿ ಬಳಸುವ ಜೆಪೆಗ್ ಡಿಕೋಡರ್) ವಾಪಸ್ ಕೊಡುವ ಸಂಖ್ಯೆಯನ್ನು ಯಾರೂ ನೋಡೋದಿಲ್ಲ, ಉತ್ತರ ಅಲ್ಲೇ ಇರುತ್ತೆ. 0 ಬಂದರೆ ಸರಿ. 2 ಅಂದರೆ ಓದ್ತಾ ಓದ್ತಾ ಫೈಲ್ ಮುಗಿದುಹೋಯ್ತು. 3 ಬಂದರೆ ಕೊಟ್ಟ ಮೆಮೊರಿ ಸಾಲದು. 6 ಬಂದರೆ ಒಳಗೆ ಏನೋ ಕೆಟ್ಟಿದೆ. ಪರದೆ ಅಲುಗಾಡದ ನಿಮ್ಮ ಫೋಟೊಗಳಿಗೆ 8 ಬರುತ್ತೆ ಅಂತ ನನ್ನ ಅಂದಾಜು, ಅಂದರೆ ಪ್ರೋಗ್ರೆಸಿವ್ ಜೆಪೆಗ್. ಮಾಮೂಲಿ ಜೆಪೆಗ್ ಮೇಲಿಂದ ಕೆಳಕ್ಕೆ ಚೌಕ ಚೌಕವಾಗಿ ಬಿಡಿಸಿಕೊಳ್ಳುತ್ತೆ, ಆದ್ದರಿಂದ ಮೂರೂವರೆ ಸಾವಿರ ಬೈಟ್ ಆಸುಪಾಸಿನ ಜಾಗದಲ್ಲಿ ಕೆಲಸ ಆಗುತ್ತೆ. ಪ್ರೋಗ್ರೆಸಿವ್‌ನಲ್ಲಿ ಇಡೀ ಚಿತ್ರ ಮೊದಲು ಮಸುಕಾಗಿ ಬಂದು ಆಮೇಲೆ ಹಂತಹಂತವಾಗಿ ತಿಳಿಯಾಗುತ್ತೆ. ಅದಕ್ಕೆ ಪೂರ್ತಿ ಚಿತ್ರವನ್ನು ಮೆಮೊರಿಯಲ್ಲಿ ಹಿಡಿದಿಡಬೇಕು, ಈ ಡಿಕೋಡರ್ ಆ ಕೆಲಸಕ್ಕೇ ಹೋಗೋದಿಲ್ಲ. ಕ್ಯಾಮೆರಾದಿಂದ ನೇರ ಬಂದ ಫೋಟೊ ಸರಿಹೋಗಿ, ಯಾರೋ ಫಾರ್ವರ್ಡ್ ಮಾಡಿದ್ದು ಹೋಗದಿದ್ದರೆ ಇದೇ ಅಂತ ತಿಳಿಯಿರಿ.

ಇದಕ್ಕೆ ಮದ್ದು ಬೋರ್ಡಿನಲ್ಲಿಲ್ಲ, ಫೋನಿನಲ್ಲಿದೆ. 4000×3000ರ ಫೋಟೊ ಬಿಡಿಸಿದರೆ ಚುಕ್ಕೆಗೆ ಎರಡು ಬೈಟ್‌ನಂತೆ 2.4 ಕೋಟಿ ಬೈಟ್, ಚಿಪ್ಪಿನೊಳಗಿನ ರ‍್ಯಾಮ್ 520 ಕೆಬಿ. ಡಿಕೋಡರಿನಲ್ಲೇ ಎಂಟನೇ ಒಂದು ಭಾಗಕ್ಕೆ ಇಳಿಸಿದರೂ 500×375, ನಿಮ್ಮ ಪರದೆಗೆ ದೊಡ್ಡದೇ. ಅಪ್‌ಲೋಡ್ ಪೇಜಿನಲ್ಲೇ ಜಾವಾಸ್ಕ್ರಿಪ್ಟ್ ಕ್ಯಾನ್ವಾಸ್ (ಬ್ರೌಸರಿನೊಳಗೆ ಚಿತ್ರ ಬರೆಯೋ ಜಾಗ) ಮೇಲೆ 320×240ಕ್ಕೆ ಚಿಕ್ಕದು ಮಾಡಿ, ಅದನ್ನು 0.7 ಗುಣಮಟ್ಟದ ಜೆಪೆಗ್ ಮಾಡಿ ಕಳಿಸಿ. ಕ್ರೋಮ್ ಕೊಡೋದು ಮಾಮೂಲಿ ಜೆಪೆಗ್ಗೇ. ಇಂಟರ್‌ನೆಟ್ ಬೇಕಿಲ್ಲ, ಮಳೆಗಾಲದಲ್ಲಿ ಟವರ್ ಹೋದರೂ ನಡೆಯುತ್ತೆ. ಫೈಲ್ ಚಿಕ್ಕದಾಗೋದರಿಂದ ಸಿಲ್ವರ್ ಓಕ್ ಕಾಟವೂ ಕಮ್ಮಿ ಆಗುತ್ತೆ.

ಕಾಫಿ ಎಲೆ ನೇರಳೆಯಾಗಿ ಕಾಣುತ್ತೆ ಅಂದಿರಲ್ಲ, ಅದು ಸಣ್ಣ ವಿಷಯ. ಬಣ್ಣದ ಎರಡು ಬೈಟ್ ಅದಲುಬದಲಾಗಿರಬಹುದು, ಸೆಟ್‌ಸ್ವಾಪ್‌ಬೈಟ್ಸ್ ಟ್ರೂ ಮಾಡಿ ನೋಡಿ.

ಗಾತ್ರ, ಮೊದಲ ಹದಿನಾರು ಬೈಟ್, ಡಿಕೋಡರಿನ ಸಂಖ್ಯೆ ಈ ಮೂರನ್ನು ಇಲ್ಲೇ ಹಾಕಿ. ಸಂಜೆ ಕರೆಂಟ್ ಇದ್ದರೆ ಕೂತು ನೋಡ್ತೀನಿ.