ಹಿಟ್ಲರ್ ಬರುವ ಐವತ್ತು ವರ್ಷ ಮೊದಲು

ಪ್ರಶ್ನೆ: ಹಿಟ್ಲರ್ ಯಹೂದಿಗಳನ್ನು ಕೊಂದ, ಅದಕ್ಕೇ ಅವರಿಗೆ ಇಸ್ರೇಲ್ ಕೊಟ್ಟರು ಅಂತ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹೇಳ್ತಾರೆ. ಒಂದು ಗೈಡಿನಲ್ಲಿ ಮಾತ್ರ, ಜಿಯೋನಿಸಂ (ಯಹೂದಿಗಳಿಗೆ ತಮ್ಮದೇ ನಾಡು ಬೇಕು ಅನ್ನೋ ಚಳವಳಿ) 1897ರಲ್ಲೇ ಹುಟ್ಟಿತು, ಹರ್ಜಲ್ ಅದರ ಪಿತಾಮಹ ಅಂತಿದೆ. ಯಾವುದು ಸರಿ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಎರಡರಲ್ಲಿ ಒಂದನ್ನೇ ಆರಿಸಬೇಕು ಅಂದರೆ ಗೈಡಿಗೇ ನನ್ನ ಮಾರ್ಕ್ಸು. ಆದರೆ ಅದು ಕತೆಯನ್ನು ಮಧ್ಯದಿಂದ ಶುರು ಮಾಡಿದೆ. ಇನ್ನೂ ಹದಿನೈದು ವರ್ಷ ಹಿಂದೆ, ರಷ್ಯಾಕ್ಕೆ ಹೋಗಬೇಕು.

1881ರ ಮಾರ್ಚ್‌ನಲ್ಲಿ ಝಾರ್ ಎರಡನೇ ಅಲೆಕ್ಸಾಂಡರ್‌ನನ್ನು ಕ್ರಾಂತಿಕಾರಿಗಳು ಬಾಂಬ್ ಎಸೆದು ಕೊಂದರು. ಆ ಗುಂಪಿನಲ್ಲಿ ಒಬ್ಬಳು ಯಹೂದಿ ಹೆಣ್ಣುಮಗಳಿದ್ದಳು. ಗಾಳಿಸುದ್ದಿಗೆ ಅಷ್ಟು ಸಾಕಾಯಿತು. ಈಗಿನ ಉಕ್ರೇನ್‌ನ ಊರೂರಲ್ಲಿ ಯಹೂದಿಗಳ ಮನೆ, ಅಂಗಡಿ ಲೂಟಿಯಾದವು. ಒಡೆಸ್ಸಾದಲ್ಲಿ ಲಿಯೋನ್ ಪಿನ್ಸ್ಕರ್ ಅಂತ ಒಬ್ಬ ಡಾಕ್ಟರ್ ಇದ್ದರು. ರಷ್ಯನ್ ಕಲಿಯೋಣ, ನಾಲ್ಕಕ್ಷರ ಓದೋಣ, ಎಲ್ಲರೊಳಗೆ ಒಂದಾಗೋಣ ಅಂತ ಅಲ್ಲಿವರೆಗೆ ಹೇಳಿಕೊಂಡು ಬಂದವರು. ಆ ನಂಬಿಕೆ ಕುಸಿದುಬಿತ್ತು. 1882ರಲ್ಲಿ ಜರ್ಮನ್ ಭಾಷೆಯಲ್ಲಿ, ಹೆಸರು ಹಾಕದೆ, ಒಂದು ಪುಸ್ತಿಕೆ ತಂದರು. ಡಾಕ್ಟರ್ ಅಲ್ವಾ, ರೋಗದ ಮಾತಿನಲ್ಲೇ ಬರೆದರು. ಯಹೂದಿ ದ್ವೇಷ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮನೋರೋಗ, ವಾದ ಮಾಡಿ ಅದನ್ನು ವಾಸಿ ಮಾಡೋಕಾಗಲ್ಲ, ನಮಗೆ ನಮ್ಮದೇ ನೆಲ ಬೇಕು ಅನ್ನೋದು ಅವರ ತೀರ್ಮಾನ. ಆ ನೆಲ ಪ್ಯಾಲೆಸ್ಟೀನೇ ಆಗಬೇಕು ಅಂತ ಅವರು ಹಟ ಹಿಡಿದಿರಲಿಲ್ಲ.

ಅದೇ ವರ್ಷ ರಷ್ಯಾದ ಕೆಲವು ಹುಡುಗರು ಓದು ಬಿಟ್ಟು ಪ್ಯಾಲೆಸ್ಟೀನ್‌ಗೆ ಹೊರಟರು. ಬೇಸಾಯ ಗೊತ್ತಿಲ್ಲ, ನೀರಿಲ್ಲ, ಮಲೇರಿಯಾ ಬೇರೆ. ಪ್ಯಾರಿಸ್ಸಿನ ಶ್ರೀಮಂತ ಎಡ್ಮಂಡ್ ದ ರಾತ್‌ಶೀಲ್ಡ್ ದುಡ್ಡು ಸುರಿಯದೇ ಇದ್ದಿದ್ದರೆ ಆ ಮೊದಲ ಹಳ್ಳಿಗಳು ಉಳಿಯುತ್ತಿದ್ದವೋ ಇಲ್ಲವೋ. ‘ಜಿಯೋನಿಸಂ’ ಅನ್ನೋ ಪದ ಬಂದದ್ದು 1890ರಲ್ಲಿ, ವಿಯೆನ್ನಾದ ನಾಥನ್ ಬರ್ನ್‌ಬಾಮ್ ಅವರಿಂದ. ಜಿಯೋನ್ ಅಂದರೆ ಜೆರುಸಲೇಮಿನ ಬೆಟ್ಟ, ಕನ್ನಡ ಬೈಬಲ್ ಓದಿದವರಿಗೆ ‘ಚೀಯೋನ್’.

ಹರ್ಜಲ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ವಿಯೆನ್ನಾದ ಪತ್ರಕರ್ತ, ನಾಟಕಕಾರ. 1896ರಲ್ಲಿ ಯಹೂದಿ ರಾಜ್ಯದ ಬಗ್ಗೆ ತನ್ನ ಪುಸ್ತಿಕೆ ಬರೆದಾಗ ಪಿನ್ಸ್ಕರ್ ಬರಹವನ್ನು ಆತ ಓದಿರಲೇ ಇಲ್ಲ! ಹೊಸ ವಿಚಾರ ತಂದವನಲ್ಲ, ವಿಚಾರಕ್ಕೆ ವೇದಿಕೆ ಕಟ್ಟಿದವನು ಅನ್ನೋದು ನನ್ನ ಲೆಕ್ಕ. 1897ರ ಆಗಸ್ಟ್‌ನಲ್ಲಿ ಮೊದಲ ಜಿಯೋನಿಸ್ಟ್ ಕಾಂಗ್ರೆಸ್ ಮ್ಯೂನಿಕ್‌ನಲ್ಲಿ ನಡೆಯಬೇಕಿತ್ತು. ಅಲ್ಲಿನ ಯಹೂದಿ ಮುಖಂಡರೇ ಬೇಡ ಅಂದರು. ಹಾಗಾಗಿ ಸಭೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಯಿತು. ಮಂಗಳೂರಿನವರಿಗೆ ಬಾಸೆಲ್ ಮಿಷನ್‌ನಿಂದ ಗೊತ್ತಿರುವ ಅದೇ ಬಾಸೆಲ್. ಸುಮಾರು 200 ಪ್ರತಿನಿಧಿಗಳು ಬಂದರು. ಎಲ್ಲರೂ ಬಾಲದ ಕೋಟು, ಬಿಳಿ ಟೈ ಹಾಕಲೇಬೇಕು ಅಂತ ಹರ್ಜಲ್ ಪಟ್ಟು. ಜೊತೆಗಾರ ಮ್ಯಾಕ್ಸ್ ನಾರ್ಡೋ ಮಾಮೂಲಿ ಕೋಟಿನಲ್ಲಿ ಬಂದಾಗ, ಹೋಗಿ ಬದಲಾಯಿಸಿಕೊಂಡು ಬಾ ಅಂತ ವಾಪಸ್ ಕಳಿಸಿದ. ಅದು ಬಡವರ ಗೋಳಿನ ಸಭೆಯಲ್ಲ, ಪಾರ್ಲಿಮೆಂಟ್ ಅಂತ ಜಗತ್ತಿಗೆ ಕಾಣಬೇಕಿತ್ತು. ನಿರ್ಣಯದಲ್ಲಿ ಮಾತ್ರ ‘ರಾಜ್ಯ’ ಅನ್ನದೆ ‘ನೆಲೆ’ ಅಂತ ಬರೆದರು. ಪ್ಯಾಲೆಸ್ಟೀನ್ ಆಗ ತುರ್ಕಿಯ ಸುಲ್ತಾನನ ಕೈಯಲ್ಲಿತ್ತು, ಸುಮ್ನೆ ಯಾಕೆ ಅವನನ್ನು ಕೆಣಕಬೇಕು? ಡೈರಿಯಲ್ಲಿ ಹರ್ಜಲ್‌ಗೆ ಆ ಹಂಗಿರಲಿಲ್ಲ. ಬಾಸೆಲ್‌ನಲ್ಲಿ ಯಹೂದಿ ರಾಜ್ಯ ಸ್ಥಾಪಿಸಿದೆ, ಐದು ವರ್ಷದಲ್ಲಲ್ಲದಿದ್ದರೆ ಐವತ್ತು ವರ್ಷದಲ್ಲಿ ಎಲ್ಲರಿಗೂ ಕಾಣುತ್ತೆ ಅಂತ ಬರೆದುಕೊಂಡ. ವಿಶ್ವಸಂಸ್ಥೆ ಪ್ಯಾಲೆಸ್ಟೀನ್ ಹೋಳು ಮಾಡುವ ನಿರ್ಣಯ ತಂದದ್ದು 1947ರಲ್ಲಿ.

ಹಾಗಂತ ನಿಮ್ಮ ಗೆಳತಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. 1939ರ ಹೊತ್ತಿಗೆ ಪ್ಯಾಲೆಸ್ಟೀನ್‌ನಲ್ಲಿ ನಾಲ್ಕೂವರೆ ಲಕ್ಷದಷ್ಟು ಯಹೂದಿಗಳಿದ್ದರು. ಅವರದೇ ವಿಶ್ವವಿದ್ಯಾಲಯ, ಕಾರ್ಮಿಕ ಸಂಘ, ಗುಟ್ಟಿನ ಸೇನೆ ಎಲ್ಲ ಇತ್ತು. ಆದರೆ ಆ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಬಂದದ್ದು 1933ರಲ್ಲಿ ಹಿಟ್ಲರ್ ಗದ್ದುಗೆ ಏರಿದ ಮೇಲೆ.

ಪ್ರಶ್ನೆ: ಯಹೂದಿಗಳೆಲ್ಲ ಇದನ್ನು ಒಪ್ಪಿದ್ದರಾ? ಅಲ್ಲಿದ್ದ ಅರಬರನ್ನು ಯಾರೂ ಕೇಳಲಿಲ್ಲವಾ?
– ನಿವೃತ್ತ ಮೇಷ್ಟ್ರು, ಉಡುಪಿ

ಉತ್ತರ: ಇಲ್ಲ ಮೇಷ್ಟ್ರೇ, ಒಪ್ಪದವರೇ ಜಾಸ್ತಿ. ದೇವರು ಕಳಿಸುವ ಮೆಸ್ಸಾಯ ಮಾಡಬೇಕಾದ ಕೆಲಸಕ್ಕೆ ಇವರು ಕೈ ಹಾಕಿದ್ದಾರೆ ಅಂತ ಮಡಿವಂತರಿಗೆ ಸಿಟ್ಟು. ‘ಬುಂಡ್’ ಎಂಬ ಸಮಾಜವಾದಿ ಸಂಘಟನೆಯೂ 1897ರಲ್ಲೇ ಹುಟ್ಟಿತು. ನಾವಿರುವ ಊರಲ್ಲೇ, ನಮ್ಮ ಯಿಡ್ಡಿಷ್ ಭಾಷೆಯಲ್ಲೇ ಹಕ್ಕು ಕೇಳೋಣ ಅನ್ನೋದು ಅದರ ವಾದ. ಇನ್ನು ಸಾಮಾನ್ಯ ಜನ? 1881ರಿಂದ 1914ರ ನಡುವೆ ಸುಮಾರು 20 ಲಕ್ಷ ಮಂದಿ ಅಮೆರಿಕದ ಹಡಗು ಹತ್ತಿದರು.

ವಿರೋಧಿಗಳಲ್ಲಿ ಒಬ್ಬರನ್ನು ನೀವು ಕ್ಲಾಸಿನಲ್ಲಿ ಪಾಠ ಮಾಡಿರಬಹುದು. ಮಾಂಟೆಗು–ಚೆಮ್ಸ್‌ಫರ್ಡ್ ಸುಧಾರಣೆಯ ಎಡ್ವಿನ್ ಮಾಂಟೆಗು! ಭಾರತದ ಮಂತ್ರಿಯಾಗಿದ್ದ ಅವರು ಸ್ವತಃ ಯಹೂದಿ. ಪ್ಯಾಲೆಸ್ಟೀನ್‌ನಲ್ಲಿ ಯಹೂದಿಗಳಿಗೆ ನೆಲೆ ಕೊಡುವ ಮಾತು ಬ್ರಿಟಿಷ್ ಸರ್ಕಾರದಲ್ಲಿ ಎದ್ದಾಗ, 1917ರ ಆಗಸ್ಟ್‌ನಲ್ಲಿ ಅವರೊಂದು ಟಿಪ್ಪಣಿ ಕೊಟ್ಟರು. ಅದರ ತಲೆಬರಹವೇ ‘ಈಗಿನ ಸರ್ಕಾರದ ಯಹೂದಿ ದ್ವೇಷ’. ಯಹೂದಿಗಳಿಗೆ ಬೇರೆ ದೇಶ ಅಂತಾದರೆ ಇಂಗ್ಲೆಂಡಿನಲ್ಲಿ ನಾವು ಪರದೇಶಿಗಳಾಗ್ತೀವಿ ಅನ್ನೋದು ಅವರ ಭಯ. ನವೆಂಬರ್ 2ರಂದು, ಆ ನೆಲೆಗೆ ಬ್ರಿಟನ್ ಬೆಂಬಲ ಸಾರಿದ ಬಾಲ್ಫರ್ ಘೋಷಣೆ ಹೊರಬಿತ್ತು. ಮಾಂಟೆಗು ಆಗ ಭಾರತದ ದಾರಿಯಲ್ಲಿದ್ದರು.

ಅರಬರ ಮಾತು. ಜೆರುಸಲೇಮಿನ ಮಾಜಿ ಮೇಯರ್ ಯೂಸುಫ್ ಜಿಯಾ ಅಲ್ ಖಾಲಿದಿ 1899ರ ಮಾರ್ಚ್ 1ರಂದು ಫ್ರಾನ್ಸಿನ ಮುಖ್ಯ ರಬ್ಬಿಗೆ, ಅಂದರೆ ಯಹೂದಿ ಧರ್ಮಗುರುವಿಗೆ, ಪತ್ರ ಬರೆದರು. ತಾತ್ವಿಕವಾಗಿ ನಿಮ್ಮ ಆಸೆ ನ್ಯಾಯವೇ, ಆದರೆ ಇಲ್ಲಿ ಜನ ಬದುಕಿದ್ದಾರೆ, ದೇವರಾಣೆ ಪ್ಯಾಲೆಸ್ಟೀನನ್ನು ಅದರ ಪಾಡಿಗೆ ಬಿಡಿ ಅಂತ ಕೇಳಿಕೊಂಡರು. ಪತ್ರ ಹರ್ಜಲ್ ಕೈ ಸೇರಿತು. ಅವರನ್ನು ಓಡಿಸುವ ಯೋಚನೆ ಯಾರಿಗಿದೆ, ನಾವು ಬಂದರೆ ಅವರ ಆಸ್ತಿಯ ಬೆಲೆಯೂ ಏರುತ್ತೆ ಅಂತ ಆತ ಉತ್ತರ ಬರೆದ. ನನಗೇನೋ ಅದು ಸೈಟು ಮಾರುವವರ ಮಾತಿನಂತೆ ಕೇಳಿಸುತ್ತೆ. ಜಿಯೋನಿಸ್ಟರೊಳಗೇ ಇದ್ದ ಅಹದ್ ಹಾಅಮ್ ಎಂಬ ಲೇಖಕ 1891ರಲ್ಲೇ ಹೋಗಿ ನೋಡಿ ಬಂದು, ಅಲ್ಲಿ ಬಿತ್ತದೆ ಬಿದ್ದಿರುವ ಹೊಲ ಸಿಗೋದೇ ಕಷ್ಟ ಅಂತ ಬರೆದಿದ್ದರು. ಬಾಲ್ಫರ್ ಘೋಷಣೆಯಲ್ಲಿರುವುದು 67 ಪದ. ಆಗ ಆ ನಾಡಿನ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅರಬರು. ‘ಅರಬ’ ಅನ್ನೋ ಪದ ಅದರಲ್ಲಿಲ್ಲ, ‘ಯಹೂದಿಗಳಲ್ಲದ ಸಮುದಾಯಗಳು’ ಅಂತಿದೆ.

ಪ್ರಶ್ನೆ: ಇಸ್ರೇಲ್ ಉಗಾಂಡಾದಲ್ಲಿ ಆಗಬೇಕಿತ್ತಂತೆ, ನಿಜವಾ?
– ಓದುಗರು, ಬಳ್ಳಾರಿ

ಉತ್ತರ: ಮಾತುಕತೆ ಆಗಿದ್ದು ನಿಜ. ‘ಉಗಾಂಡಾ’ ಸುಮ್ನೆ ಅಂಟಿಕೊಂಡ ಹೆಸರು, ಜಾಗ ಈಗಿನ ಕೀನ್ಯಾದ್ದು. 1903ರಲ್ಲಿ ಬ್ರಿಟನ್ ಮುಂದಿಟ್ಟಿತು. ಹೋಗಿ ನೋಡಿ ಬರಲು ತಂಡ ಕಳಿಸೋಣ ಅಂತ ಜಿಯೋನಿಸ್ಟ್ ಕಾಂಗ್ರೆಸ್‌ನಲ್ಲಿ 295–178 ಮತದಿಂದ ತೀರ್ಮಾನವಾಯಿತು. 1905ರಲ್ಲಿ ಕೈಬಿಟ್ಟರು. ಅಷ್ಟರಲ್ಲಿ ಹರ್ಜಲ್ ತೀರಿಕೊಂಡಿದ್ದ, 44ನೇ ವಯಸ್ಸಿಗೆ. ಈ ಯೋಜನೆಗೆ ಒಪ್ಪಲು ಅವನಿಗಿದ್ದ ಕಾರಣ ಆಗಿನ ರಷ್ಯಾದ ಕಿಶಿನೆವ್ ಊರಿನ ಹತ್ಯಾಕಾಂಡ. 1903ರ ಏಪ್ರಿಲ್‌ನಲ್ಲಿ ಅಲ್ಲಿ 49 ಯಹೂದಿಗಳನ್ನು ಕೊಂದಿದ್ದರು. ತಕ್ಷಣ ಎಲ್ಲಾದರೂ ಆಸರೆ ಬೇಕಿತ್ತು. ಬೇಡ ಅಂತ ಮತ ಹಾಕಿದವರಲ್ಲಿ ಕಿಶಿನೆವ್‌ನಿಂದ ಬಂದ ಪ್ರತಿನಿಧಿಗಳೂ ಇದ್ದರು.