ನ್ಯೂಜೆರ್ಸಿಯಲ್ಲಿ ಸೀಟು, ಡಲ್ಲಾಸಿನಲ್ಲಿ ಮನೆ: ನರ್ಸಿಂಗ್ ಎಲ್ಲಿ ಶುರು ಮಾಡಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಊರಿನಲ್ಲಿ ಮೂರು ವರ್ಷದ ಬಿ.ಎಸ್ಸಿ. ಮುಗಿಸಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದಿದ್ದೀರಿ. ಯಜಮಾನರ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್4 ವೀಸಾ, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡೂ ಇದೆ. ಅಲ್ಲಿನ ಕೌಂಟಿ ಕಾಲೇಜಿನಲ್ಲಿ ಅನಾಟಮಿ-ಫಿಸಿಯಾಲಜಿ ಎರಡೂ ಭಾಗ ಮುಗಿದಿವೆ, ಮೈಕ್ರೋಬಯಾಲಜಿ ಬಾಕಿ ಇದೆ, ಸೆಪ್ಟೆಂಬರ್‌ಗೆ ನರ್ಸಿಂಗ್ ಸೀಟೂ ಸಿಕ್ಕಿದೆ. ಅಷ್ಟರಲ್ಲಿ ಯಜಮಾನರ ಕೆಲಸ ಡಲ್ಲಾಸಿಗೆ ವರ್ಗವಾಗಿದೆ, ಬೇಸಿಗೆಯಲ್ಲಿ ಮನೆ ಬದಲಿಸಬೇಕು. ಸಿಕ್ಕಿದ ಸೀಟು ಬಿಡಬೇಕಾ, ಡಲ್ಲಾಸಿನಲ್ಲಿ ಒಂದೇ ವರ್ಷದ ಎಲ್‌ವಿಎನ್ (ರಿಜಿಸ್ಟರ್ಡ್ ನರ್ಸ್‌ಗಿಂತ ಕೆಳಗಿನ ಹಂತದ ನರ್ಸ್ ಕೋರ್ಸ್) ಸೇರಬೇಕಾ, ಇಲ್ಲ ದುಡ್ಡು ಜಾಸ್ತಿ ಆದರೂ ಬೇಗ ಮುಗಿಯುವ ಆಕ್ಸಿಲರೇಟೆಡ್ ಬಿಎಸ್‌ಎನ್‌ಗೆ (ನರ್ಸಿಂಗ್‌ನ ಬ್ಯಾಚುಲರ್ ಡಿಗ್ರಿ) ಹೋಗಬೇಕಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೀಟು ಬಿಡಿ. ಮೈಕ್ರೋಬಯಾಲಜಿ ಮಾತ್ರ ಅಲ್ಲೇ ಮುಗಿಸಿಕೊಂಡು ಬನ್ನಿ. ಇಲ್ಲಿ ಡಲ್ಲಾಸಿಗೆ ಬಂದು ಕಮ್ಯುನಿಟಿ ಕಾಲೇಜಿನ ಎಡಿಎನ್‌ಗೆ, ಅಂದರೆ ಎರಡು ವರ್ಷದ ನರ್ಸಿಂಗ್ ಡಿಗ್ರಿಗೆ, ಅರ್ಜಿ ಹಾಕಿ.

ಸೀಟು ಬಿಡಿ ಅಂದರೆ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ನರ್ಸಿಂಗ್ ಓದಿನಲ್ಲಿ ಎರಡು ಭಾಗ ಇದೆ, ಎರಡರ ಸ್ವಭಾವವೂ ಬೇರೆ. ಅನಾಟಮಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ಇಂಗ್ಲಿಷ್ ಇವೆಲ್ಲ ಪ್ರೀರೆಕ್ವಿಸಿಟ್, ಅಂದರೆ ನರ್ಸಿಂಗ್ ಪಾಠಕ್ಕೆ ಮುಂಚೆ ಮುಗಿಸಬೇಕಾದ ವಿಷಯಗಳು. ಮಾನ್ಯತೆ ಇರುವ ಕಾಲೇಜಿನಲ್ಲಿ ಒಳ್ಳೆ ಗ್ರೇಡ್ ತೆಗೆದಿದ್ದರೆ ಇವು ಸಾಮಾನ್ಯವಾಗಿ ನಿಮ್ಮ ಜೊತೆ ಬರುತ್ತವೆ. ನರ್ಸಿಂಗ್‌ನದೇ ಪಾಠಗಳಾದ ಫಂಡಮೆಂಟಲ್ಸ್, ಮೆಡ್-ಸರ್ಜ್ (ದೊಡ್ಡವರ ಕಾಯಿಲೆ, ಆಪರೇಷನ್‌ಗಳ ಆರೈಕೆ), ಅದರ ಜೊತೆಗಿನ ಕ್ಲಿನಿಕಲ್ಸ್ (ಆಸ್ಪತ್ರೆಯಲ್ಲಿನ ತರಬೇತಿ) ಹಾಗಲ್ಲ. ಒಂದೊಂದು ಕಾಲೇಜು ಒಂದೊಂದು ಕ್ರಮದಲ್ಲಿ ಕಲಿಸುತ್ತದೆ. ಒಂದು ಸೆಮಿಸ್ಟರ್ ಅಲ್ಲಿ ಮಾಡಿ ಇಲ್ಲಿಗೆ ಬಂದರೆ ಬಹುಪಾಲು ಕಾಲೇಜುಗಳು ಮೊದಲಿನಿಂದ ಶುರು ಮಾಡಿ ಅನ್ನುತ್ತವೆ. ಕಟ್ಟಿದ ಫೀಸು ಹೋಯಿತು, ವರ್ಷವೂ ಹೋಯಿತು. ಶುರು ಮಾಡಿದರೆ ಅಲ್ಲೇ ಮುಗಿಸಬೇಕು, ಇಲ್ಲ ಶುರುವೇ ಮಾಡಬಾರದು. ನೀವು ಎಡಿಸನ್‌ನಲ್ಲೂ ಯಜಮಾನರು ಡಲ್ಲಾಸಿನಲ್ಲೂ ಎರಡು ವರ್ಷ ಇರಲು ಇಬ್ಬರೂ ಒಪ್ಪುವುದಾದರೆ ಆ ಸೀಟು ಇಟ್ಟುಕೊಳ್ಳಿ. ಹಾಗೆ ಮಾಡಿದವರು ಇದ್ದಾರೆ. ನಾನಂತೂ ಯಾರಿಗೂ ಹಾಗೆ ಮಾಡಿ ಅನ್ನುವುದಿಲ್ಲ. ನರ್ಸಿಂಗ್ ಸ್ಕೂಲಿನಲ್ಲಿ ಇರುವಾಗಲೇ ಮನೆಯವರ ಆಸರೆ ಬೇಕಾಗುವುದು.

ಇನ್ನು ಲೈಸೆನ್ಸ್ ವಿಷಯ. ಅಮೆರಿಕದಲ್ಲಿ ನರ್ಸ್ ಲೈಸೆನ್ಸ್ ಕೊಡುವುದು ರಾಜ್ಯದ ಬೋರ್ಡ್ ಆಫ್ ನರ್ಸಿಂಗ್, ಕೇಂದ್ರ ಸರಕಾರ ಅಲ್ಲ. ಪರೀಕ್ಷೆ ಮಾತ್ರ ದೇಶಕ್ಕೆಲ್ಲ ಒಂದೇ, ಎನ್‌ಕ್ಲೆಕ್ಸ್. ಕನಿಷ್ಠ 85, ಹೆಚ್ಚೆಂದರೆ 150 ಪ್ರಶ್ನೆ, ಐದು ಗಂಟೆ ಸಮಯ. 2023ರ ಏಪ್ರಿಲ್‌ನಿಂದ ಅದರ ಸ್ವರೂಪ ಬದಲಾಗಿದೆ. ಒಬ್ಬ ರೋಗಿಯ ಪೂರ್ತಿ ಚಾರ್ಟ್ ಕೊಟ್ಟು, ಈಗ ಏನು ಗಮನಿಸುತ್ತೀರಿ, ಮೊದಲು ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಬಾಯಿಪಾಠ ಮಾಡಿ ರ‍್ಯಾಂಕ್ ಬಂದ ನಮ್ಮಂಥವರಿಗೆ ಇದು ಸ್ವಲ್ಪ ಕಷ್ಟವೇ. ಟೆಕ್ಸಾಸಿನಲ್ಲಿ ಇದರ ಜೊತೆಗೆ ರಾಜ್ಯದ ನರ್ಸಿಂಗ್ ಕಾನೂನಿನ ಮೇಲೊಂದು ಆನ್‌ಲೈನ್ ಪರೀಕ್ಷೆ ಇದೆ. ಅದಕ್ಕೆ ಹೆದರಬೇಕಾಗಿಲ್ಲ.

ಟೆಕ್ಸಾಸ್, ನ್ಯೂಜೆರ್ಸಿ ಎರಡೂ ನರ್ಸ್ ಲೈಸೆನ್ಸರ್ ಕಾಂಪ್ಯಾಕ್ಟ್‌ನಲ್ಲಿವೆ. ಅಂದರೆ ಇಲ್ಲಿ ವಾಸವಿದ್ದು ಮಲ್ಟಿಸ್ಟೇಟ್ ಲೈಸೆನ್ಸ್ ತೆಗೆದುಕೊಂಡರೆ ಕಾಂಪ್ಯಾಕ್ಟ್‌ನ ಬೇರೆ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಮುಂದೆ ನಾರ್ತ್ ಕೆರೊಲಿನಾಗೋ ಅರಿಜೋನಾಗೋ ಮನೆಯೇ ಬದಲಾದರೆ 60 ದಿನದೊಳಗೆ ಆ ರಾಜ್ಯದ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಈ ನಿಯಮ 2024ರ ಜನವರಿಯಿಂದ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್ ಈ ಕೂಟದಲ್ಲಿ ಇಲ್ಲ. ಅಲ್ಲಿಗೆ ಹೋದರೆ ಎಂಡಾರ್ಸ್‌ಮೆಂಟ್‌ಗೆ (ಇರುವ ಲೈಸೆನ್ಸ್ ತೋರಿಸಿ ಅಲ್ಲಿನ ಲೈಸೆನ್ಸ್ ಪಡೆಯಲು) ಪ್ರತ್ಯೇಕ ಅರ್ಜಿ, ಫೀಸು, ಕಾಯುವಿಕೆ. ನಿಮ್ಮ ಯಜಮಾನರ ಕಂಪನಿ ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ಥರದ್ದಾದರೆ ಇದನ್ನು ಈಗಲೇ ಮಾತಾಡಿಕೊಳ್ಳಿ. ಇನ್ನೊಂದು ವಿಷಯ, ಮಲ್ಟಿಸ್ಟೇಟ್ ಲೈಸೆನ್ಸ್‌ಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. ನಿಮಗೆ ಇಎಡಿ ಇರುವುದರಿಂದ ಆ ತಲೆನೋವಿಲ್ಲ. ನಿಮ್ಮ ಹಾಗೆ ಯೋಚನೆ ಮಾಡುತ್ತಿರುವ, ಬರೀ ಎಚ್4 ಮಾತ್ರ ಇರುವ ಗೆಳತಿಯರಿದ್ದರೆ ಅವರಿಗೆ ಹೇಳಿ: ಓದುವುದಕ್ಕೆ ಅಡ್ಡಿ ಇಲ್ಲ, ಕೆಲಸ ಮಾಡುವುದಕ್ಕೆ ಇದೆ.

ಎಲ್‌ವಿಎನ್ ಬಗ್ಗೆ. ಬೇರೆ ಕಡೆ ಎಲ್‌ಪಿಎನ್ ಅನ್ನುವುದನ್ನೇ ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಎಲ್‌ವಿಎನ್ ಅನ್ನುತ್ತಾರೆ. ಸುಮಾರು ಒಂದು ವರ್ಷದ ಕೋರ್ಸ್. ಕೆಲಸ ಸಿಗುವುದು ಜಾಸ್ತಿ ನರ್ಸಿಂಗ್ ಹೋಮ್, ಹೋಮ್ ಹೆಲ್ತ್, ಕ್ಲಿನಿಕ್‌ಗಳಲ್ಲಿ. ತಕ್ಷಣ ಸಂಬಳ ಬರಲೇಬೇಕು ಅನ್ನುವವರಿಗೆ ಅದು ಸರಿಯಾದ ದಾರಿ, ಕೀಳಾಗಿ ನೋಡುವ ಮಾತೇ ಇಲ್ಲ. ಆದರೆ ನಿಮ್ಮ ಕೈಯಲ್ಲಿ ಆಗಲೇ ಎಡಿಎನ್‌ಗೆ ಬೇಕಾದ ವಿಜ್ಞಾನದ ವಿಷಯಗಳಿವೆ. ಒಂದು ವರ್ಷ ಎಲ್‌ವಿಎನ್ ಮಾಡಿ, ಆಮೇಲೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಲು ಬ್ರಿಜ್ ಕೋರ್ಸಿಗೆ ಮತ್ತೆ ಸಾಲಿನಲ್ಲಿ ನಿಲ್ಲುವ ಬದಲು ಎರಡು ವರ್ಷದಲ್ಲಿ ನೇರ ಆರ್‌ಎನ್ ಆಗಬಹುದಲ್ವಾ? 'ಅಡ್ಮಿಷನ್ ಗ್ಯಾರಂಟಿ, ಪ್ರೀರೆಕ್ವಿಸಿಟ್ ಬೇಡ' ಅಂತ ದಿನಕ್ಕೆರಡು ಸಲ ಫೋನ್ ಮಾಡುವ ಖಾಸಗಿ ಸ್ಕೂಲುಗಳ ಬಗ್ಗೆಯಂತೂ ಎಚ್ಚರ. 2023ರ ಜನವರಿಯಲ್ಲಿ ಫ್ಲೋರಿಡಾದ ಮೂರು ಸ್ಕೂಲುಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಸರ್ಟಿಫಿಕೇಟ್ ಮಾರಿದ್ದ ಕೇಸ್ ಹೊರಬಂತು. ಆಪರೇಷನ್ ನೈಟಿಂಗೇಲ್ ಅಂತ ಅದರ ಹೆಸರು. ಎಲ್ಲ ಖಾಸಗಿ ಸ್ಕೂಲೂ ಹಾಗಲ್ಲ, ಆದರೆ ಸೇರುವ ಮುಂಚೆ ಎರಡು ವಿಷಯ ನೋಡಿ. ಒಂದು, ಟೆಕ್ಸಾಸ್ ಬೋರ್ಡ್‌ನ ಒಪ್ಪಿಗೆ ಪಟ್ಟಿಯಲ್ಲಿ ಸ್ಕೂಲ್ ಇದೆಯಾ, ಮೊದಲ ಸಲ ಎನ್‌ಕ್ಲೆಕ್ಸ್ ಬರೆದವರಲ್ಲಿ ಎಷ್ಟು ಜನ ಪಾಸಾಗಿದ್ದಾರೆ ಅನ್ನುವುದು. ಶೇ. 80 ಬರಲೇಬೇಕು ಅಂತ ಬೋರ್ಡ್ ಗೆರೆ ಹಾಕಿದೆ, ಅಂಕಿಗಳನ್ನು ವೆಬ್‌ಸೈಟಿನಲ್ಲೇ ಹಾಕುತ್ತದೆ. ಎರಡು, ನರ್ಸಿಂಗ್ ಪ್ರೋಗ್ರಾಮಿಗೆ ಎಸಿಇಎನ್ ಅಥವಾ ಸಿಸಿಎನ್‌ಇ ಅನ್ನುವ ಸಂಸ್ಥೆಗಳ ಮಾನ್ಯತೆ ಇದೆಯಾ ಅನ್ನುವುದು. ಇದು ಇಲ್ಲದೆ ಲೈಸೆನ್ಸ್ ಸಿಕ್ಕರೂ ಮುಂದೆ ಬಿಎಸ್‌ಎನ್ ಮಾಡಲು ಹೋದಾಗ ಬಾಗಿಲು ಮುಚ್ಚಿಕೊಳ್ಳಬಹುದು.

ಆಕ್ಸಿಲರೇಟೆಡ್ ಬಿಎಸ್‌ಎನ್ ಆಸೆ ಹುಟ್ಟಿಸುವಂಥದ್ದು. ಬೇರೆ ವಿಷಯದಲ್ಲಿ ಡಿಗ್ರಿ ಇದ್ದವರಿಗೆ 12ರಿಂದ 18 ತಿಂಗಳಲ್ಲಿ ಬಿಎಸ್‌ಎನ್. ಆದರೆ ನಿಮ್ಮದು ಮೂರು ವರ್ಷದ ಡಿಗ್ರಿ. ಅದನ್ನು ಇಲ್ಲಿನ ಬ್ಯಾಚುಲರ್‌ಗೆ ಸಮ ಅಂತ ವಿದೇಶಿ ಡಿಗ್ರಿಗಳನ್ನು ತೂಗಿ ನೋಡುವ ಕೆಲವು ಇವ್ಯಾಲ್ಯುಯೇಷನ್ ಸಂಸ್ಥೆಗಳು, ಕಾಲೇಜುಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಾಗಾಗಿ ಮೊದಲು ಕಾಲೇಜಿಗೆ ಮೇಲ್ ಹಾಕಿ ಯಾವ ಸಂಸ್ಥೆಯ ವರದಿ ಬೇಕು ಅಂತ ಕೇಳಿ, ಆಮೇಲೆ ದುಡ್ಡು ಕಟ್ಟಿ. ಬರೀ ಡಿಗ್ರಿ ಸಮಾನತೆಯ ವರದಿ ಸಾಲದು, ಕೋರ್ಸ್-ಬೈ-ಕೋರ್ಸ್ ವರದಿಯೇ ಬೇಕು. ಬಿ.ಎಸ್ಸಿ.ಯಲ್ಲಿ ಓದಿದ ಜೀವಶಾಸ್ತ್ರವನ್ನು ಅನಾಟಮಿ ಬದಲಿಗೆ ತೆಗೆದುಕೊಳ್ಳುತ್ತಾರೆ ಅಂತ ನಂಬಿಕೊಳ್ಳಬೇಡಿ.

ಟೆಕ್ಸಾಸಿಗೇ ಸೇರಿದ ಇನ್ನೊಂದು ಕೊಕ್ಕೆ ಇದೆ. ಇಲ್ಲಿನ ಸರಕಾರಿ ಯೂನಿವರ್ಸಿಟಿಯಿಂದ ಬ್ಯಾಚುಲರ್ ಡಿಗ್ರಿ ಬೇಕಾದರೆ ಅಮೆರಿಕದ ಇತಿಹಾಸ ಆರು ಕ್ರೆಡಿಟ್, ಸರಕಾರದ ಬಗ್ಗೆ ಆರು ಕ್ರೆಡಿಟ್ ಓದಲೇಬೇಕು ಅಂತ ರಾಜ್ಯದ ಕಾನೂನು. ಸರಕಾರದ ಪಾಠದಲ್ಲಿ ಟೆಕ್ಸಾಸ್ ಸಂವಿಧಾನವೂ ಬರುತ್ತದೆ. ನ್ಯೂಜೆರ್ಸಿಯಲ್ಲಿ ಯಾರೂ ಇದನ್ನು ನಿಮಗೆ ಹೇಳಿರುವುದಿಲ್ಲ. ಯುಟಿ ಆರ್ಲಿಂಗ್ಟನ್ ಆಗಲಿ ಟೆಕ್ಸಾಸ್ ವುಮನ್ಸ್ ಯೂನಿವರ್ಸಿಟಿ ಆಗಲಿ ಮುಂದೆ ನಿಮ್ಮ ಮನಸ್ಸಿನಲ್ಲಿದ್ದರೆ, ಇಲ್ಲಿಗೆ ಬಂದ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಈ ನಾಲ್ಕು ಕೋರ್ಸ್ ಒಂದೊಂದಾಗಿ ಮುಗಿಸಿಕೊಳ್ಳಬಹುದು.

ನಾನು ಎಡಿಎನ್ ಅನ್ನುವುದಕ್ಕೆ ಕಾರಣ ದುಡ್ಡು ಒಂದೇ ಅಲ್ಲ. ಎಡಿಎನ್ ಮಾಡಿದವರೂ ಬಿಎಸ್‌ಎನ್ ಮಾಡಿದವರೂ ಬರೆಯುವುದು ಅದೇ ಎನ್‌ಕ್ಲೆಕ್ಸ್, ಸಿಗುವುದು ಅದೇ ಆರ್‌ಎನ್ ಲೈಸೆನ್ಸ್. ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಕೇಳುತ್ತವೆ, ನಿಜ. ಆದರೆ ಎಷ್ಟೋ ಕಡೆ ಇಂತಿಷ್ಟು ವರ್ಷದೊಳಗೆ ಮುಗಿಸುತ್ತೇನೆ ಅಂತ ಬರೆಸಿಕೊಂಡು ಎಡಿಎನ್‌ನವರನ್ನೂ ತೆಗೆದುಕೊಳ್ಳುತ್ತಾರೆ. ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಆರ್‌ಎನ್-ಟು-ಬಿಎಸ್‌ಎನ್ ಮುಗಿಸಬಹುದು, ಫೀಸಿಗೆ ಆಸ್ಪತ್ರೆಯೇ ಸಹಾಯ ಮಾಡುವುದೂ ಉಂಟು. ನ್ಯೂಯಾರ್ಕಿನಲ್ಲಂತೂ 2017ರ ಕಾನೂನೇ ಹೊಸ ಆರ್‌ಎನ್‌ಗಳಿಗೆ ಬ್ಯಾಚುಲರ್ ಮುಗಿಸಲು ಹತ್ತು ವರ್ಷ ಕೊಡುತ್ತದೆ. ಆಕ್ಸಿಲರೇಟೆಡ್ ಅನ್ನುವುದು ಹೆಸರಿಗೆ ತಕ್ಕ ಹಾಗೇ ಇರುತ್ತದೆ, ಉಸಿರಾಡಲೂ ಬಿಡುವುದಿಲ್ಲ. ಹೊಸ ಊರು, ಹೊಸ ಮನೆ, ಡ್ರೈವಿಂಗ್ ಕೂಡ ಹೊಸದು ಅಂದಿದ್ದೀರಿ. ಅದರ ಮೇಲೆ ಇದು ಬೇಡ. ಬೆಳಗ್ಗೆ ಆರೂವರೆಗೆ ಯೂನಿಫಾರ್ಮ್ ಹಾಕಿ ಆಸ್ಪತ್ರೆಯ ಬಾಗಿಲಲ್ಲಿ ಇರಬೇಕೆಂದರೆ ಐದಕ್ಕೆ ಎದ್ದು, ಕತ್ತಲಲ್ಲಿ ಇಲ್ಲಿನ ಹೈವೇ ಹತ್ತಬೇಕು. ಡ್ರೈವಿಂಗ್ ಕಲಿಯುವುದನ್ನು ಅನಾಟಮಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಫೀಸಿನ ಲೆಕ್ಕ. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಮೂರು ದರ ಇರುತ್ತದೆ: ಆ ಡಿಸ್ಟ್ರಿಕ್ಟ್‌ನವರಿಗೆ ಒಂದು, ರಾಜ್ಯದ ಉಳಿದವರಿಗೆ ಒಂದು, ಹೊರಗಿನವರಿಗೆ ಒಂದು. ರಾಜ್ಯದವರ ದರ ಸಿಗಲು ಸಾಮಾನ್ಯವಾಗಿ 12 ತಿಂಗಳು ಇಲ್ಲಿ ನೆಲೆಸಿರಬೇಕು, ಬರೀ ಓದಲು ಬಂದಿದ್ದರೆ ಅದು ಲೆಕ್ಕಕ್ಕಿಲ್ಲ. ಮನೆ ಬಾಡಿಗೆ ಕರಾರಿನಲ್ಲಿ ಯಜಮಾನರ ಜೊತೆ ನಿಮ್ಮ ಹೆಸರೂ ಇರಲಿ, ಬಂದ ಕೂಡಲೇ ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. ನಮ್ಮವರ ಮನೆಗಳಲ್ಲಿ ಎಲ್ಲ ಕಾಗದವೂ ಗಂಡನ ಹೆಸರಿನಲ್ಲೇ ಇದ್ದು, ರೆಸಿಡೆನ್ಸಿ ಕೇಳಿದಾಗ ಹೆಂಡತಿಯ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ನಿಮ್ಮ ವೀಸಾಕ್ಕೆ ಯಾವ ದರ ಅನ್ನುವುದನ್ನು ಕಾಲೇಜಿನಿಂದ ಮೇಲ್‌ನಲ್ಲೇ ತರಿಸಿಕೊಳ್ಳಿ. ಎಚ್4ಗೆ ಫೆಡರಲ್ ಸಾಲವೂ ಇಲ್ಲ, ಅನುದಾನವೂ ಇಲ್ಲ. ಮನೆ ಹುಡುಕುವಾಗಲೇ ಡಲ್ಲಾಸ್ ಕಾಲೇಜ್, ಕಾಲಿನ್ ಕಾಲೇಜ್, ಟ್ಯಾರಂಟ್ ಕೌಂಟಿ ಕಾಲೇಜ್ ಇವುಗಳಲ್ಲಿ ಯಾವುದರ ವ್ಯಾಪ್ತಿಗೆ ಆ ವಿಳಾಸ ಬರುತ್ತದೆ ನೋಡಿಕೊಳ್ಳಿ. ಎಲ್ಲರೂ ಡಲ್ಲಾಸ್ ಹತ್ತಿರದ ಫ್ರಿಸ್ಕೋ ಅನ್ನುತ್ತಾರೆ ಅಂತ ಫ್ರಿಸ್ಕೋದಲ್ಲೇ ಮನೆ ಮಾಡಬೇಕಾಗಿಲ್ಲ.

ಎಡಿಸನ್ ಬಿಡುವ ಮುಂಚೆ ಮಾಡಬೇಕಾದ್ದು ಕೆಲವು ಇವೆ. ಮೈಕ್ರೋಬಯಾಲಜಿ ಲ್ಯಾಬ್ ಸಮೇತ ಮಾಡಿ, ಸಾಧ್ಯವಾದರೆ ಆನ್‌ಲೈನ್ ಲ್ಯಾಬ್ ಬೇಡ, ಕೆಲವು ಕಡೆ ಒಪ್ಪುವುದಿಲ್ಲ. ಅನಾಟಮಿ, ಮೈಕ್ರೋ ಎಲ್ಲದರ ಸಿಲಬಸ್ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ವಾರವಾರ ಏನು ಕಲಿಸಿದರು, ಲ್ಯಾಬ್ ಎಷ್ಟು ಗಂಟೆ ಅನ್ನುವುದು ಅದರಲ್ಲಿರಬೇಕು. ಟೆಕ್ಸಾಸಿನಲ್ಲಿ ಅನಾಟಮಿ ಒಂದಕ್ಕೆ ಬಯಾಲಜಿ 2401, ಎರಡಕ್ಕೆ 2402 ಅಂತ ರಾಜ್ಯಕ್ಕೆಲ್ಲ ಒಂದೇ ನಂಬರು. ನಿಮ್ಮ ಕೋರ್ಸ್ ಇದಕ್ಕೆ ಹೊಂದುತ್ತದೆ ಅಂತ ತೋರಿಸಲು ಆ ಸಿಲಬಸ್ಸೇ ಸಾಕ್ಷಿ. ವಿಜ್ಞಾನದ ವಿಷಯಗಳಿಗೆ ಎಷ್ಟೋ ಕಾಲೇಜುಗಳು ಐದು ವರ್ಷ, ಏಳು ವರ್ಷ ಅಂತ ವಾಯಿದೆ ಹಾಕುತ್ತವೆ, ಹಾಗಾಗಿ ಆಮೇಲೆ ನೋಡೋಣ ಅಂತ ಬಿಡುವ ಹಾಗಿಲ್ಲ. ಪ್ರವೇಶ ಪರೀಕ್ಷೆ ಎಚ್‌ಇಎಸ್‌ಐ ಎ2 ಕೇಳುತ್ತಾರಾ, ಟೀಸ್ ಕೇಳುತ್ತಾರಾ ಅಂತ ತಿಳಿದುಕೊಂಡೇ ಪುಸ್ತಕ ಕೊಳ್ಳಿ. ಗಣಿತ ನಿಮಗೆ ಸುಲಭ. ಔನ್ಸ್, ಪೌಂಡ್, ಟೇಬಲ್‌ಸ್ಪೂನ್ ಲೆಕ್ಕಗಳೇ ತಲೆ ತಿನ್ನುವುದು.

ನಮ್ಮವರ ಕೂಟಗಳಲ್ಲಿ 'ಅಷ್ಟು ಓದಿ ನರ್ಸಿಂಗಾ? ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತರೆ ಮೂರು ತಿಂಗಳಲ್ಲಿ ಕೆಲಸ' ಅನ್ನುವವರು ಸಿಗುತ್ತಾರೆ. ಅವರಿಗೆ ಸುಮ್ನೆ ನಕ್ಕುಬಿಡಿ. ಆದರೆ ನಿಮಗೆ ನೀವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಇಲ್ಲಿಗೆ ಬಂದು ಅರ್ಜಿ ಹಾಕಿ ಕಾಯುವ ತಿಂಗಳುಗಳಲ್ಲಿ ನರ್ಸ್ ಏಡ್ ಕೋರ್ಸ್ ಮಾಡಿ. ಫೆಡರಲ್ ನಿಯಮದಂತೆ ಕನಿಷ್ಠ 75 ಗಂಟೆ, ಟೆಕ್ಸಾಸಿನಲ್ಲಿ ಅದಕ್ಕಿಂತ ಜಾಸ್ತಿ. ತೊಂಬತ್ತು ವರ್ಷದ ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನು ಒರೆಸಿ, ಬಟ್ಟೆ ಬದಲಿಸಿ, ಕೆಳಗಿನ ಚಾದರ ಅವರನ್ನು ಎಬ್ಬಿಸದೆಯೇ ಬದಲಾಯಿಸುವುದು ಹೇಗೆ ಅಂತ ಅಲ್ಲಿ ಕಲಿಯುತ್ತೀರಿ. ಅವರು ಬೈಯಬಹುದು, ನಿಮ್ಮ ಉಚ್ಚಾರಣೆ ಅರ್ಥವಾಗಲಿಲ್ಲ ಅನ್ನಬಹುದು, ಮರುದಿನ ನಿಮ್ಮನ್ನೇ ಕರೆಯಿರಿ ಅನ್ನಬಹುದು. ಇದೆಲ್ಲ ಒಗ್ಗಿದರೆ ಮುಂದಿನದು ಬರೀ ಓದು.

ಕೊನೆಗೆ, ನರ್ಸಿಂಗ್ ಕಾಲೇಜು ಕೇಳುವ ಲಸಿಕೆ ದಾಖಲೆ. ನಮ್ಮ ಹತ್ತಿರ ಚಿಕ್ಕಂದಿನ ಲಸಿಕೆ ಕಾರ್ಡ್ ಇರುವುದಿಲ್ಲ, ಇದ್ದರೂ ಅಮ್ಮನ ಬೀರುವಿನಲ್ಲಿರುತ್ತದೆ. ದಡಾರ, ಸಿಡುಬಿನಂಥ ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಇವುಗಳಿಗೆ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇದೆಯಾ ಅಂತ ನೋಡುವ ಟೈಟರ್ ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಬಿ ಮೂರು ಡೋಸಿನ ಲಸಿಕೆ ಬೇಕಾದರೆ ಮುಗಿಯಲು ಆರು ತಿಂಗಳು ಹಿಡಿಯುತ್ತದೆ, ಅದಕ್ಕೇ ಈಗಲೇ ಶುರು ಮಾಡಿ ಅನ್ನುವುದು. ಟಿಬಿ ಪರೀಕ್ಷೆಗೆ ಚರ್ಮದ ಟೆಸ್ಟ್ ಮಾಡೋಣ ಅಂದರೆ, ಊರಿನಲ್ಲಿ ಟಿಬಿ ಲಸಿಕೆ ಬಿಸಿಜಿ ಹಾಕಿಸಿದ್ದಾರೆ, ರಕ್ತದ ಟೆಸ್ಟೇ ಮಾಡಿ ಅಂತ ಕೇಳಿ. ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಟೆಸ್ಟ್ ಸುಳ್ಳು ಪಾಸಿಟಿವ್ ತೋರಿಸಬಹುದು, ಆಮೇಲೆ ಎಕ್ಸ್‌ರೇ, ಡಾಕ್ಟರ ಪತ್ರ ಅಂತ ಓಡಾಟ. ಆ ರಕ್ತದ ಟೆಸ್ಟಿಗೆ ಕ್ವಾಂಟಿಫೆರಾನ್ ಅಂತ ಕೇಳಿದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ. ಮೈಕ್ರೋಬಯಾಲಜಿಯ ಗ್ರೇಡ್ ಬಂದ ಮೇಲೆ, ಯಾವ ಏರಿಯಾದಲ್ಲಿ ಮನೆ ಸಿಕ್ಕಿತು ಅಂತ ತಿಳಿಸಿ. ಆ ಕಡೆಯ ಕಾಲೇಜು ಆಯ್ಕೆಗೆ ಎಣಿಸುವ ಪಾಯಿಂಟ್ಸ್ ಲೆಕ್ಕ ಕೂತು ನೋಡೋಣ.