ಆಸ್ಟಿನ್‌ನ ದೊಡ್ಡ ಡಿಸೈನ್ ಕಾನ್ಫರೆನ್ಸ್‌ಗೆ ಒಬ್ಬನೇ ಹೊರಟಿದ್ದೇನೆ. ಯಾವ ಸೆಷನ್‌ಗಳನ್ನು ಆರಿಸಿಕೊಳ್ಳಲಿ?

ಚಿಕ್ಕಬಳ್ಳಾಪುರದಿಂದ ಟೆಕ್ಸಸ್‌ಗೆ, ಒಬ್ಬರೇ, ಸ್ವಂತ ದುಡ್ಡು ಮೂರು ಲಕ್ಷ ಹಾಕಿಕೊಂಡು, ಎಕ್ಸೆಲ್‌ನಲ್ಲಿ ಗಂಟೆ ಗಂಟೆಗೂ ಸೆಷನ್ ತುಂಬಿಸಿಕೊಂಡು. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಆ ಎಕ್ಸೆಲ್ ಶೀಟು ನನ್ನ ಹತ್ತಿರವೂ ಇತ್ತು. ಮೂರು ಬಣ್ಣ ಬೇರೆ ಹಚ್ಚಿದ್ದೆ.

2019ರ ಮಾರ್ಚ್, ಆಸ್ಟಿನ್‌ನ ಇದೇ ಕಾನ್ಫರೆನ್ಸ್, ಸೌತ್ ಬೈ ಸೌತ್‌ವೆಸ್ಟ್. ನಾನು ತುಮಕೂರಿನವನು, ಬಟವಾಡಿ ಹತ್ತಿರ ಮನೆ. ಆಗ ಮನೆಯಲ್ಲೇ ಕೂತು ಆ್ಯಪ್‌ಗಳಿಗೆ ಸ್ಕ್ರೀನ್ ಡಿಸೈನ್ ಮಾಡಿಕೊಡುತ್ತಿದ್ದೆ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರಿಗೆ ಮಾಡಿದ ಆ್ಯಪ್ ಒಂದಿತ್ತು. ಅದರಲ್ಲಿ ನಾನು ಜಾಸ್ತಿ ಒದ್ದಾಡಿದ್ದು ಒತ್ತಕ್ಷರದ ಜೊತೆ. ಇಂಗ್ಲಿಷ್‌ಗೆ ಅಳತೆ ಮಾಡಿದ ಬಟನ್ನಿನಲ್ಲಿ ‘ಕ್ವಿಂಟಾಲ್’ ಎಂದು ಹಾಕಿದರೆ ವ ಒತ್ತಿನ ಬುಡ ಕತ್ತರಿಸಿ ಹೋಗುತ್ತಿತ್ತು. ‘ರಾಷ್ಟ್ರ’ದ ಥರ ಎರಡು ಒತ್ತಿನ ಪದ ಬಂದರಂತೂ ಕೇಳಲೇಬೇಡಿ. ಸಾಲಿನ ಎತ್ತರ ಹೆಚ್ಚಿಸಬೇಕು, ಮೇಲಿಗಿಂತ ಕೆಳಗೆ ಜಾಸ್ತಿ ಜಾಗ ಬಿಡಬೇಕು. ಹಾಗೆ ಮಾಡಿದರೆ ಅಕ್ಷರ ಬಟನ್ನಿನ ಮಧ್ಯದಲ್ಲಿ ಕೂತಿಲ್ಲ ಅಂತ ಡೆವಲಪರ್ ಜಗಳಕ್ಕೆ ಬರುತ್ತಾನೆ. ಈ ಜಗಳವನ್ನೇ ಇಂಗ್ಲಿಷ್‌ನಲ್ಲಿ ಬರೆದು ಆನ್‌ಲೈನ್‌ನಲ್ಲಿ ಹಾಕಿದ್ದೆ.

ಅದನ್ನು ಓದಿ ಅಮೆರಿಕದ ಒಬ್ಬರು ಮೇಲ್ ಮಾಡಿದರು. ರೈತರಿಗೆ ಆ್ಯಪ್ ಮಾಡುವ ಒಂದು ಕಂಪನಿಯಲ್ಲಿ ಡಿಸೈನ್ ಟೀಮ್ ನಡೆಸುತ್ತಿದ್ದ ಹೆಂಗಸು. ಭಾರತದ ಐದಾರು ಭಾಷೆಗಳಿಗೆ ಅದನ್ನು ತರಬೇಕಂತೆ. ಮೂರು ತಿಂಗಳು ಮೇಲ್ ಓಡಾಡಿತು. ಮಾರ್ಚ್‌ನಲ್ಲಿ ಎರಡು ದಿನ ಆಸ್ಟಿನ್‌ನಲ್ಲಿ ಇರುತ್ತೇನೆ ಎಂದರು. ನಾನೂ ಬರುತ್ತಿದ್ದೇನೆ ಎಂದು ಬರೆದುಬಿಟ್ಟೆ. ದುಡ್ಡಿನ ಲೆಕ್ಕ ಹಾಕಿದ್ದು ಆಮೇಲೆ. ಒಳಗೆ ಬಿಡುವ ಬ್ಯಾಡ್ಜ್‌ಗೇ ಸಾವಿರ ಡಾಲರ್ ದಾಟಿತು, ಆಗ ಡಾಲರ್‌ಗೆ ಎಪ್ಪತ್ತು ರೂಪಾಯಿ ಹತ್ತಿರ. ವೀಸಾ ಇಂಟರ್‌ವ್ಯೂಗೆ ಚೆನ್ನೈಗೆ ಹೋಗಿ ಬಂದೆ. ಲಂಡನ್ ಮೇಲೆ ಆಸ್ಟಿನ್‌ಗೆ ಟಿಕೆಟ್. ಊರ ಮಧ್ಯದ ಹೋಟೆಲುಗಳ ಬಾಡಿಗೆ ನೋಡಿ ತಲೆ ತಿರುಗಿ, ಉತ್ತರಕ್ಕೆ ಹೈವೇ ಪಕ್ಕದ ಮೋಟೆಲಿನಲ್ಲಿ ರೂಮು ಹಿಡಿದೆ. ಭೇಟಿ ಮಾರ್ಚ್ 10, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಕನ್ವೆನ್ಷನ್ ಸೆಂಟರ್ ಹತ್ತಿರದ ಒಂದು ಕಾಫಿ ಅಂಗಡಿಯಲ್ಲಿ ಎಂದು ಗೊತ್ತಾಯಿತು.

ಈಗ ನನ್ನ ವಾಚಿನ ಕಥೆ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಆ ಜಾಗ ಈಗ ಇಸ್ರೋಗೆ ಹೋಗಿದೆ. ಹೊರಡುವ ದಿನ ಅಪ್ಪ ತಮ್ಮ ಜನತಾ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದರು. ದಿನಾ ಬೆಳಿಗ್ಗೆ ಕೀ ಕೊಡಬೇಕು ಅಷ್ಟೆ, ಹೇಳಿದ ಹಾಗೆ ಕೇಳುತ್ತದೆ. ಆಸ್ಟಿನ್‌ನಲ್ಲಿ ಇಳಿದ ತಕ್ಷಣ ಏರ್‌ಪೋರ್ಟಿನ ಗಡಿಯಾರ ನೋಡಿ ವಾಚನ್ನು ಅಲ್ಲಿನ ಟೈಮಿಗೆ ಇಟ್ಟೆ. ಫೋನನ್ನು ಮಾತ್ರ ಬೇಕೆಂದೇ ನಮ್ಮ ಟೈಮಿನಲ್ಲಿ ಉಳಿಸಿಕೊಂಡೆ. ತಾನಾಗಿ ಟೈಮ್ ಬದಲಾಗುವ ಸೆಟ್ಟಿಂಗ್ ಆಫ್ ಮಾಡಿದೆ. ಅಮ್ಮ ರಾತ್ರಿ ಒಂಬತ್ತಕ್ಕೆಲ್ಲ ಮಲಗುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಎಬ್ಬಿಸಬಾರದು ಅನ್ನುವ ಲೆಕ್ಕ. ಕೈಯಲ್ಲಿ ಆಸ್ಟಿನ್, ಜೇಬಿನಲ್ಲಿ ತುಮಕೂರು. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟಿದ್ದೆ. ಅನುಮಾನ ಬಂದಾಗ ಫೋನಿನ ಟೈಮಿನಿಂದ ಹನ್ನೊಂದೂವರೆ ಗಂಟೆ ಕಳೆಯುವುದು, ವಾಚಿನ ಜೊತೆ ತಾಳೆ ನೋಡುವುದು. ಶುಕ್ರವಾರ ತಾಳೆ ಆಯಿತು. ಶನಿವಾರವೂ ಆಯಿತು.

ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ನಡುರಾತ್ರಿ ಕಳೆದು ಎರಡು ಗಂಟೆ ಆಗುತ್ತಿದ್ದ ಹಾಗೆ ಗಡಿಯಾರವನ್ನು ಮೂರಕ್ಕೆ ಹಾರಿಸುತ್ತಾರೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ಇಡುತ್ತಾರೆ. ಹವಾಯಿ ಮತ್ತು ಅರಿಜೋನಾದ ಬಹುಪಾಲು ಜಾಗ ಬಿಟ್ಟರೆ ದೇಶವೆಲ್ಲ ಹೀಗೇ. ಬೇಸಿಗೆಯಲ್ಲಿ ಸಂಜೆ ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ. ಇದೆಲ್ಲ ನನಗೆ ಎಲ್ಲೋ ಓದಿ ಗೊತ್ತಿತ್ತು. ಆದರೆ ಅದು ಅವತ್ತೇ ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು. 2019ರಲ್ಲಿ ಆ ಎರಡನೇ ಭಾನುವಾರ ಬಂದಿದ್ದು ಮಾರ್ಚ್ 10ಕ್ಕೆ.

ಬೆಳಿಗ್ಗೆ ವಾಚು ನೋಡಿದೆ. ಫೋನ್ ನೋಡಿ ಹನ್ನೊಂದೂವರೆ ಕಳೆದೆ. ತಾಳೆ ಆಯಿತು! ಮಂಚದ ಪಕ್ಕ ಮೋಟೆಲಿನವರು ಇಟ್ಟಿದ್ದ ಗಡಿಯಾರವೂ ಅದನ್ನೇ ಹೇಳಿತು, ಅದನ್ನು ಯಾರೂ ಮುಂದಕ್ಕೆ ಇಟ್ಟಿರಲಿಲ್ಲ. ಮೂರು ಸಾಕ್ಷಿ ಒಂದೇ ಮಾತು ಹೇಳಿದರೆ ಯಾರು ತಾನೇ ಅನುಮಾನ ಪಡುತ್ತಾರೆ? ಅವತ್ತಿನಿಂದ ಕಳೆಯಬೇಕಾಗಿದ್ದು ಹತ್ತೂವರೆ. ನಾನು ಹಳೇ ಲೆಕ್ಕದಲ್ಲೇ ಹಳೇ ಲೆಕ್ಕವನ್ನು ಸರಿನೋಡುತ್ತಿದ್ದೆ.

ಬಸ್ ಹಿಡಿದು ಕಾಫಿ ಅಂಗಡಿ ತಲುಪಿದಾಗ ವಾಚಿನಲ್ಲಿ 8:40. ಇಪ್ಪತ್ತು ನಿಮಿಷ ಮುಂಚೆ ಬಂದೆ ಅಂತ ಹೆಮ್ಮೆ. ನಿಜವಾದ ಟೈಮು 9:40. ಅಲ್ಲಿನ ಸಿಮ್ ತಗೊಂಡಿರಲಿಲ್ಲ, ಹಾಗಾಗಿ ಅಂಗಡಿಯ ವೈಫೈ ಸಿಕ್ಕ ಮೇಲೆ ಮೇಲ್ ಬಂದವು. ಎರಡು. ಮೊದಲನೆಯದರಲ್ಲಿ ‘ಬಾಗಿಲ ಪಕ್ಕದ ಟೇಬಲ್ಲಿನಲ್ಲಿದ್ದೇನೆ’. ಎರಡನೆಯದರಲ್ಲಿ ‘ಕ್ಷಮಿಸಿ, ಏರ್‌ಪೋರ್ಟಿಗೆ ಹೊರಡಲೇಬೇಕು’. ಫೋನಿನಲ್ಲಿ ಅವು ಬಂದ ಹೊತ್ತು ಸಂಜೆ 7:50, ಆಮೇಲೆ 8:00. ಹನ್ನೊಂದೂವರೆ ಕಳೆದೆ. 8:20, 8:30. ಅಂದರೆ ಈಯಮ್ಮ ಒಂಬತ್ತಕ್ಕೆ ಬಾ ಎಂದು ಹೇಳಿ, ತಾನು ಎಂಟೂ ಇಪ್ಪತ್ತಕ್ಕೆ ಬಂದು, ಎಂಟೂವರೆಗೆ ಎದ್ದು ಹೋಗಿದ್ದಾಳೆ!

ಲೆಕ್ಕ ತಪ್ಪಿದ್ದು ಸಣ್ಣ ತಪ್ಪು. ನನ್ನನ್ನು ಮುಳುಗಿಸಿದ್ದು ಮುಂದಿನ ಐದು ನಿಮಿಷ. ಅಲ್ಲೇ ನಿಂತು ಮೇಲ್ ಬರೆದೆ. ನೀವೇ ಒಂಬತ್ತು ಗಂಟೆ ಎಂದಿದ್ದಿರಿ, ನಾನು ಅದಕ್ಕೂ ಇಪ್ಪತ್ತು ನಿಮಿಷ ಮುಂಚೆ ಬಂದು ನಿಂತಿದ್ದೇನೆ, ಭೂಮಿಯ ಇನ್ನೊಂದು ಕಡೆಯಿಂದ ಬಂದವನಿಗಾಗಿ ಹೇಳಿದ ಟೈಮಿನವರೆಗಾದರೂ ಕಾಯಬಹುದಿತ್ತು, ನಮ್ಮ ಕಡೆಯವರ ಟೈಮಿಗೆ ಬೆಲೆ ಇಲ್ಲ ಎಂದುಕೊಂಡಿದ್ದೀರಾ. ಹೀಗೇ ಇನ್ನೂ ಎರಡು ಸಾಲು. ಕಳಿಸಿಬಿಟ್ಟೆ. ಗೆದ್ದವನ ಹಾಗೆ ಕೌಂಟರಿಗೆ ಹೋಗಿ ಒಂದು ಕಾಫಿ ಹೇಳಿದೆ. ಬಿಲ್ಲಿನ ಮೇಲೆ ಟೈಮು 9:52.

ನಿಮ್ಮ ಮಷೀನಿನಲ್ಲಿ ಟೈಮ್ ತಪ್ಪಿದೆ ಎಂದು ಆ ಹುಡುಗಿಗೂ ಹೇಳಿದೆ, ನೋಡಿ ನನ್ನ ಧೈರ್ಯ. ಅವಳು ನಕ್ಕಳು. ಇವತ್ತು ಗಡಿಯಾರ ಮುಂದೆ ಹೋಗಿದೆ, ನೀವು ಮೂರನೆಯವರು ಎಂದಳು.

ಕ್ಷಮೆ ಕೇಳಿ ಉದ್ದಕ್ಕೆ ಬರೆದೆ. ವಾಚು, ಫೋನು, ಹನ್ನೊಂದೂವರೆ, ಎಲ್ಲ ವಿವರಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ‘ಪರವಾಗಿಲ್ಲ, ಗಡಿಯಾರ ಬದಲಾದ ದಿನ ಹೀಗಾಗುತ್ತದೆ. ಆರಾಮಾಗಿ ಊರು ಸೇರಿ.’ ಅಷ್ಟೇ. ಆಮೇಲೆ ಆ ವಿಳಾಸದಿಂದ ಒಂದೂ ಮೇಲ್ ಬರಲಿಲ್ಲ. ತಡವಾಗಿ ಬಂದವನ ಜೊತೆ ಫೋನಿನಲ್ಲಾದರೂ ಮಾತಾಡಬಹುದು. ವಿಷಯ ಗೊತ್ತಾಗುವ ಮುಂಚೆ ಬೈಯುವವನ ಜೊತೆ ಯಾರು ಕೆಲಸ ಮಾಡುತ್ತಾರೆ? ನಾನೂ ಮಾಡುವುದಿಲ್ಲ. ಎರಡು ವರ್ಷ ಬಿಟ್ಟು ಆ ಆ್ಯಪ್ ಕನ್ನಡದಲ್ಲಿ ಬಂತು. ಇಳಿಸಿಕೊಂಡು ಒಂದೊಂದು ಬಟನ್ನೂ ನೋಡಿದೆ. ಎಲ್ಲೂ ಒತ್ತು ಕತ್ತರಿಸಿಲ್ಲ. ಯಾರೋ ಚೆನ್ನಾಗಿಯೇ ಮಾಡಿದ್ದಾರೆ.

ಊರಿಗೆ ಬಂದು ಅಪ್ಪನಿಗೆ ಹೇಳಿದರೆ, ಎಲ್ಲ ಕೇಳಿಸಿಕೊಂಡು, ‘ವಾಚು ಎಲ್ಲೂ ನಿಲ್ಲಲಿಲ್ಲ ತಾನೇ?’ ಎಂದರು.

ಇನ್ನು ನಿಮ್ಮ ಪ್ರಶ್ನೆ. ಯಾವ ಸೆಷನ್ ಅಂತ. ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ. ಸೆಷನ್ನಿಗಾಗಿ ಮೂರು ಲಕ್ಷ ಸುರಿಯಬೇಡಿ. ಶನಿವಾರ ಒಂದು ದೊಡ್ಡ ಭಾಷಣಕ್ಕೆ ಒಂದೂವರೆ ಗಂಟೆ ಕ್ಯೂ ನಿಂತೆ. ನನ್ನ ಸರದಿ ಬರುವ ಹೊತ್ತಿಗೆ ಹಾಲ್ ತುಂಬಿ, ಪಕ್ಕದ ರೂಮಿನ ಟಿವಿಯಲ್ಲಿ ನೋಡಿದೆ. ಅದೇ ಭಾಷಣ ಆಮೇಲೆ ಯೂಟ್ಯೂಬಿಗೂ ಬಂತು. ಟಿವಿಯಲ್ಲಿ ನೋಡುವುದಕ್ಕೆ ಬಟವಾಡಿ ಸಾಕಾಗಿತ್ತು, ಅಲ್ವಾ?

ಆದರೆ ಆ ಕ್ಯೂನಲ್ಲಿ ನನ್ನ ಹಿಂದೆ ಇಂಡೋನೇಷ್ಯಾದ ಒಬ್ಬ ಹುಡುಗ ನಿಂತಿದ್ದ. ಅಕ್ಷರ ಬಿಡಿಸುವವನು. ಜಾವಾ ಲಿಪಿಯಲ್ಲೂ ನಮ್ಮ ಒತ್ತಿನ ಹಾಗೆ ಅಕ್ಷರದ ಕೆಳಗೆ ಅಕ್ಷರ ಬರುತ್ತದಂತೆ, ಪಾಸಂಗಾನ್ ಅನ್ನುತ್ತಾರೆ. ಅವನ ಬಟನ್ನುಗಳಲ್ಲೂ ಬುಡ ಕತ್ತರಿಸುತ್ತಿತ್ತು! ಕ್ಯೂ ಸಾಗಿದ್ದೇ ಗೊತ್ತಾಗಲಿಲ್ಲ. ಆ ಟ್ರಿಪ್ಪಿನಲ್ಲಿ ನನಗೆ ಉಳಿದಿದ್ದು ಅವನೊಬ್ಬನೇ, ಇವತ್ತಿಗೂ ವಾರಕ್ಕೊಮ್ಮೆ ಮಾತಾಡುತ್ತೇವೆ. 2007ರಲ್ಲಿ ಟ್ವಿಟ್ಟರ್ ಜನರ ಕಣ್ಣಿಗೆ ಬಿದ್ದಿದ್ದೂ ಇದೇ ಕಾನ್ಫರೆನ್ಸಿನಲ್ಲಿ. ಆಗ ಟ್ವಿಟ್ಟರ್‌ನವರು ಜನ ಓಡಾಡುವ ದಾರಿಯಲ್ಲೇ ದೊಡ್ಡ ಸ್ಕ್ರೀನ್ ಹಾಕಿ ಅಲ್ಲಿದ್ದವರ ಟ್ವೀಟ್ ತೋರಿಸಿದ್ದರು. ಹಾಲ್‌ನ ಒಳಗಲ್ಲ, ಹೊರಗೆ.

ಹಾಗಾಗಿ ಎಕ್ಸೆಲ್ ಶೀಟು ಅಳಿಸಿ. ಅಲ್ಲಿ ಭೇಟಿಯಾಗಲು ಒಪ್ಪಿದ ಮೂರು ಜನರ ಹೆಸರು ನಿಮ್ಮ ಹತ್ತಿರ ಇದೆಯಾ? ಇದ್ದರೆ ಹೋಗಿ, ಸಾಲ ಮಾಡಿಯಾದರೂ ಹೋಗಿ. ಇಲ್ಲದಿದ್ದರೆ ಈ ವರ್ಷ ಬೇಡ. ನಿಮ್ಮೂರಿನಿಂದ ಬೆಂಗಳೂರು ಎಷ್ಟು ದೂರ? ಅಲ್ಲಿ ಡಿಸೈನ್‌ಅಪ್ ಕಾನ್ಫರೆನ್ಸ್ ಇದೆ, ಮೊದಲು ಅಲ್ಲಿ ಅಪರಿಚಿತರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಳ್ಳಿ. ಕಂಪನಿ ದುಡ್ಡು ಕೊಟ್ಟಿದ್ದರೆ ನಾನು ಈ ಮಾತೆಲ್ಲ ಹೇಳುತ್ತಿರಲಿಲ್ಲ, ಸುಮ್ನೆ ಸುತ್ತಾಡಿ ಬನ್ನಿ ಅನ್ನುತ್ತಿದ್ದೆ.

ಹೋಗುವುದೇ ಆದರೆ ಇನ್ನೊಂದಿಷ್ಟು. ನಾನು ನೋಡಿದ ಕನ್ವೆನ್ಷನ್ ಸೆಂಟರನ್ನು 2025ರಲ್ಲಿ ಮುಚ್ಚಿ ಹೊಸದು ಕಟ್ಟುತ್ತಿದ್ದಾರೆ. ಹಳೇ ಮ್ಯಾಪು, ಹಳೇ ಸಲಹೆ ನಂಬಿ ರೂಮು ಹಿಡಿಯಬೇಡಿ. ರೂಮು, ಟಿಕೆಟ್ಟು ದುಡ್ಡು ವಾಪಸ್ ಬರುವಂಥದ್ದೇ ಇರಲಿ. ನಾನು ಹೋದ ಮರುವರ್ಷ, 2020ರ ಮಾರ್ಚ್ 6ಕ್ಕೆ, ಶುರುವಾಗಲು ಒಂದು ವಾರ ಇದೆ ಅನ್ನುವಾಗ ಕೊರೊನಾದಿಂದ ಇಡೀ ಕಾರ್ಯಕ್ರಮ ರದ್ದಾಗಿತ್ತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆದಿದ್ದಾರೆ ಎಂದು ಕೇಳಿ ವೀಸಾ ಅಲ್ಲೇ ಆಗುತ್ತದೆ ಎಂದುಕೊಳ್ಳಬೇಡಿ, ಇಂಟರ್‌ವ್ಯೂ ಎಲ್ಲಿ ಎಂದು ನೋಡಿಕೊಂಡೇ ಮಿಕ್ಕ ಪ್ಲಾನ್ ಮಾಡಿ. ಕೊಡುಬಳೆ ಜಾಸ್ತಿ ತಗೊಂಡು ಹೋಗಿ, ಕ್ಯೂನಲ್ಲಿ ಮಾತು ಶುರು ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಯಾರ ಮೇಲೆ ಸಿಟ್ಟು ಬಂದರೂ ಮೊದಲು ಕಾಫಿ ಕುಡಿದು, ಬಿಲ್ಲು ನೋಡಿ, ಆಮೇಲೆ ಮೇಲ್ ಬರೆಯಿರಿ.

ಮತ್ತೆ ಅಲ್ಲಿ ಇಳಿದ ತಕ್ಷಣ ಸಿಮ್ ತಗೊಳ್ಳಿ. ತಗೊಳ್ಳದೆ ನಾನು ಉಳಿಸಿದ್ದು ನಲವತ್ತು ಡಾಲರ್.